ಕಿಚ್ಚು ಹಚ್ಚಿದವನ ಹೆಸರು

ಕೆಲಸವಿಲ್ಲದೆ ನಡೆಯುವವರನ್ನು ನಾನು ಮೊದಲು ಕಂಡದ್ದು ಊಟಿಯಲ್ಲಿ. ನಮ್ಮ ಇತ್ತಲಾರಿನಲ್ಲಿ ಕಾಲು ಕಿತ್ತರೆ ಅದಕ್ಕೊಂದು ಕಾರಣ ಇರಬೇಕು; ಎಮ್ಮೆ ತಪ್ಪಿಸಿಕೊಂಡಿರಬೇಕು, ಇಲ್ಲ ಪಕ್ಕದ ಹಟ್ಟಿಯಲ್ಲಿ ಯಾರಾದರೂ ತೀರಿಕೊಂಡಿರಬೇಕು. ದೊರೆಗಳಿಗೆ ಹಾಗಲ್ಲ. ಕುದುರೆ ಇದ್ದರೂ ಮೋಟಾರು ಇದ್ದರೂ ಬೆನ್ನಿಗೆ ಚೀಲ ಬಿಗಿದುಕೊಂಡು, ಬೆಟ್ಟ ಹತ್ತಿ, ಬೆಟ್ಟ ಇಳಿದು, ಹಿಮ್ಮಡಿಯಲ್ಲಿ ಬೊಕ್ಕೆ ಎಬ್ಬಿಸಿಕೊಂಡು ಸಂತೋಷಪಡುತ್ತಾರೆ. ಕೆತ್ತಿಯ ಶಾಲೆಯಲ್ಲಿ ನಾಲ್ಕಕ್ಷರ ಇಂಗ್ಲಿಷ್ ಕಲಿತ ತಪ್ಪಿಗೆ ಅಂಥವರ ಹಿಂದೆ ದುಭಾಷಿಯಾಗಿ ಸುತ್ತುವುದು ನನ್ನ ಹಣೆಯಲ್ಲಿ ಬರೆದಿತ್ತು.

ಇಪ್ಪತ್ತಾರನೇ ಇಸವಿಯ ಫೆಬ್ರವರಿಯಲ್ಲಿ ಬಂದವರು ಹಾರ್ಟ್ಲಿ ದೊರೆ. ಉತ್ತರ ಆಫ್ರಿಕಾದ ಆಟ್ಲಾಸ್ ಬೆಟ್ಟಗಳನ್ನು ಅಲ್ಲಿನ ಗೈಡುಗಳ ಜೊತೆ ಕಾಲ್ನಡಿಗೆಯಲ್ಲೇ ಸುತ್ತಿದವರಂತೆ. ಅವರ ಹತ್ತಿರ ಒಂದು ದಪ್ಪ ನೋಟುಬುಕ್ಕು. ಎಷ್ಟು ಗಂಟೆಗೆ ಹೊರಟೆವು, ಯಾವ ಹಕ್ಕಿ ಕೂಗಿತು, ನೀರು ತೋರಿಸಿದವರು ಯಾರು, ಎಲ್ಲ ಅದರಲ್ಲಿ ಇಳಿಯಬೇಕು. ಅಲ್ಲಿಯ ಗೈಡುಗಳ ಹೆಸರು, ಅವರ ಅಪ್ಪಂದಿರ ಹೆಸರು ಕೂಡ ಓದಿ ಹೇಳುತ್ತಿದ್ದರು. "ಉಪಕಾರ ಮಾಡಿದವನ ಹೆಸರು ತಪ್ಪಬಾರದು, ಭೋಜನ್," ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಆ ಒಳ್ಳೆಯತನ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸೀಗೂರು ಘಾಟಿ ಇಳಿದು ಮಸಿನಗುಡಿಯ ಕಾಡು ಸೇರಿದ ಮೇಲೆ ನಮಗೆ ದಾರಿ ತೋರಿಸಬೇಕಾದವನು ಜಡಯ. ಕುರುಂಬರವನು. ಅವರ ಮಂತ್ರ ತಾಗುತ್ತದೆ, ಜೋಪಾನ ಎಂದು ನನ್ನ ಅವ್ವೆ ಹೆದರಿಸಿ ಕಳಿಸಿದ್ದಳು. ನೋಡಿದರೆ ಅವನೇ ರೇಂಜರ್‌ಗೆ ಹೆದರಿ ಸಾಯುತ್ತಿದ್ದ. ಎರಡು ವರ್ಷದ ಹಿಂದೆ ಕಾಡಿಗೆ ಬೆಂಕಿ ಬಿದ್ದಾಗ ಅರಣ್ಯ ಇಲಾಖೆಯವರು ಅವನ ಹಾಡಿಯ ಗಂಡಸರೆಲ್ಲರಿಂದ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದ್ದರು: ಇನ್ನೊಮ್ಮೆ ಇವರಲ್ಲಿ ಯಾರ ಕೈಯಿಂದಲಾದರೂ ಕಾಡಿನಲ್ಲಿ ಕಿಚ್ಚು ಹೊತ್ತಿದರೆ ಏಳು ಗುಡಿಸಲೂ ಖಾಲಿಯಾಗಬೇಕು. ಜೇನು ಕೀಳುವುದಕ್ಕೂ ಹೊಗೆ ಹಾಕುವಂತಿಲ್ಲ.

ನಾವು ಹೊರಡುವಾಗ ಅವನ ಹೆಂಡತಿ ಕೆಂಚಿ ಕೂಸನ್ನು ಸೊಂಟಕ್ಕೇರಿಸಿಕೊಂಡು ನನ್ನ ಹತ್ತಿರ ಬಂದಳು. "ಚಾಯ ಕಾಸುವಾಗ ಒಲೆ ನೀನೇ ಹಚ್ಚಣ್ಣಾ. ಅವನ ಕೈಗೆ ಕಡ್ಡಿಪೆಟ್ಟಿ ಕೊಡಬೇಡ."

ಅದರಂತೆ ನಡೆಯಿತು. ನಾನು ಕಡ್ಡಿ ಗೀರುವಾಗಲೆಲ್ಲ ಜಡಯ ಹತ್ತು ಮಾರು ದೂರ ಹೋಗಿ, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಿದ್ದ. ನನಗೆ ನಗು ಬರುತ್ತಿತ್ತು. ಎಲೆ ನೋಡಿ ನೀರು ಹೇಳುವವನು, ಹೆಜ್ಜೆ ನೋಡಿ ಆನೆಯ ವಯಸ್ಸು ಹೇಳುವವನು ಒಂದು ಬೆಂಕಿಕಡ್ಡಿಗೆ ಇಷ್ಟು ಹೆದರುವುದೇ ಎಂದು ಅವನನ್ನು ಕೆಣಕುತ್ತಲೂ ಇದ್ದೆ.

ಎರಡನೆಯ ದಿನ ಮಧ್ಯಾಹ್ನ ಒಂದು ಕಡಿದಾದ ಇಳಿಜಾರಿನಲ್ಲಿದ್ದೆವು. ಎದೆಮಟ್ಟದ ಒಣಹುಲ್ಲು, ಮೇಲೆ ಗೋಡೆ ಕಟ್ಟಿದಂಥ ಬಂಡೆ. ಜಡಯ ಮೂಗು ಎತ್ತಿ ನಿಂತ. ಕೆಳಗಿನ ಬಿದಿರುಮೆಳೆ ಪಟಪಟ ಸಿಡಿಯತೊಡಗಿತ್ತು. ಬೆಂಕಿ ಯಾರು ಹಚ್ಚಿದರೋ, ಎಲ್ಲಿಂದ ಬಂತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಗಾಳಿ ಅದನ್ನು ನೇರ ನಮ್ಮ ಕಡೆಗೇ ಅಟ್ಟುತ್ತಿತ್ತು.

ಬಲಕ್ಕೆ ಓಡಿದೆವು, ಪ್ರಪಾತ. ಎಡಕ್ಕೆ ಓಡಿದೆವು, ಬೆಂಕಿ ನಮಗಿಂತ ಮೊದಲೇ ಸುತ್ತಿ ಬಂದಿತ್ತು. ಮೇಲೆ ಬಂಡೆ. ಬಂದ ದಾರಿಯಲ್ಲಿ ಹೊಗೆ. ದೊರೆ ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು ಮೊಣಕಾಲೂರಿ ಕೆಮ್ಮುತ್ತಿದ್ದರು. ಇನ್ನು ಮುಗಿಯಿತು ಎಂದುಕೊಂಡೆ. ನಮ್ಮ ಕುಲದೇವತೆ ಹೆತ್ತೆಯಮ್ಮನನ್ನು ಕೂಗಿಕೊಂಡೆ, ನಾಚಿಕೆ ಬಿಟ್ಟು ಅತ್ತೆ.

ಜಡಯ ನನ್ನ ಭುಜ ಹಿಡಿದು ಅಲುಗಾಡಿಸಿದ. "ಅಣ್ಣಾ, ಮೇಲಿನ ಹುಲ್ಲಿಗೆ ಕಿಚ್ಚು ಹಚ್ಚು. ಅದು ಬಂಡೆಗಂಟ ಉರಿದು ಸಾಯ್ತದೆ. ಸುಟ್ಟ ನೆಲದ ಮೇಲೆ ನಿಂತ್ರೆ ಬದುಕ್ತೀವಿ. ಬೇಗ!"

ಪೆಟ್ಟಿಗೆ ನನ್ನ ಜೇಬಿನಲ್ಲಿತ್ತು. ತೆಗೆದೆ. ಕಡ್ಡಿಯನ್ನೂ ತೆಗೆದೆ. ಆಗ, ಪ್ರಾಣ ಹೋಗುವ ಆ ಗಳಿಗೆಯಲ್ಲೂ, ನನಗೆ ನೆನಪಾದದ್ದು ಊಟಿಯ ಕಚೇರಿಯ ಗುಮಾಸ್ತೆ ಕೆಲಸ. ಬೇಸಿಗೆ ಕಳೆದ ಮೇಲೆ ನನಗೇ ಕೊಡುತ್ತೇವೆ ಎಂದಿದ್ದರು. ಕಾಡಿಗೆ ಕಿಚ್ಚಿಟ್ಟವನು ಎಂದು ಒಮ್ಮೆ ಹೆಸರು ಬಿದ್ದರೆ ಯಾವ ಕಚೇರಿ ಬಾಗಿಲು ತೆರೆದೀತು?

"ಎನಗ ಆಗದು, ಜಡಯ. ನೀ ಹಚ್ಚು," ಎಂದೆ.

"ನಾ ಹಚ್ಚಿದ್ರೆ ಹಾಡಿ ಉಳಿಯಾದಿಲ್ಲಣ್ಣಾ. ನಿಂಗೆ ಜುಲ್ಮಾನೆ ಹಾಕಿ ಬಿಡ್ತಾರೆ."

ನಾನು ಪೆಟ್ಟಿಗೆಯನ್ನು ಅವನ ಕೈಗೆ ತುರುಕಿದೆ. ಅವನು ನನ್ನ ಮುಖ ನೋಡಿದ, ಬೆಂಕಿಯನ್ನು ನೋಡಿದ. ಆಮೇಲೆ ಗೀರಿದ.

ಹುಲ್ಲು ಭಗ್ಗನೆ ಹತ್ತಿ ಮೇಲಕ್ಕೆ ಓಡಿತು, ಬಂಡೆಗೆ ಬಡಿದು ಆರಿತು. ಜಡಯ ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿ ಆ ಬಿಸಿ ಬೂದಿಯ ಮೇಲೆ ಕೆಡವಿದ. ಕೆಳಗಿನ ಬೆಂಕಿ ನಮ್ಮ ಕಾಲ ಬುಡದವರೆಗೂ ಬಂದು, ತಿನ್ನಲು ಏನೂ ಸಿಗದೆ ಎರಡು ಕಡೆಗೆ ಸೀಳಿಹೋಯಿತು. ನನ್ನ ಹುಬ್ಬು ಸುಟ್ಟಿತ್ತು. ಅವನ ಅಂಗಾಲು ಸುಲಿದುಹೋಗಿತ್ತು. ಬದುಕಿದ್ದೆವು.

ದೊರೆ ಇನ್ನೂ ಕಣ್ಣು ತೆರೆದಿರಲಿಲ್ಲ. ಜಡಯ ನನ್ನ ಕಿವಿಯ ಹತ್ತಿರ ಬಾಗಿದ. "ಹಚ್ಚಿದ್ದು ನಾನೇ ಆಗ್ಲಿ. ಹೆಸರು ಮಾತ್ರ ನಿಂದು ಹೇಳಣ್ಣಾ. ಏಳು ಮನೆ." ನಾನು ಹೂಂ ಎಂದು ತಲೆಯಾಡಿಸಿದೆ. ಆ ಹೂಂ ಸುಳ್ಳಾಗಿರಲಿಲ್ಲ. ಆಗ ಅವನು ನನ್ನ ಪ್ರಾಣ ಕೇಳಿದ್ದರೂ ಕೊಡುತ್ತಿದ್ದೆ.

ಮರುದಿನ ಬೆಳಿಗ್ಗೆ ರೇಂಜರ್ ಬಂಗಲೆಯ ಜಗಲಿಯಲ್ಲಿ ದೊರೆ ನೋಟುಬುಕ್ಕು ಬಿಚ್ಚಿದರು. ಕಣ್ಣು ಇನ್ನೂ ಕೆಂಪಗಿತ್ತು. "ಭೋಜನ್, ಹೊಗೆಯಲ್ಲಿ ನನಗೆ ಏನೂ ಕಾಣಲಿಲ್ಲ. ಆ ಬೆಂಕಿ ಹಚ್ಚಿದ್ದು ಯಾರು? ನೀನೋ, ಅವನೋ?"

ರೇಂಜರ್ ಬಾಗಿಲಲ್ಲೇ ನಿಂತಿದ್ದ. ಒಂದು ಇಡೀ ಕಣಿವೆ ಸುಟ್ಟಿತ್ತು; ಮೇಲಿನವರಿಗೆ ಕಳಿಸಲು ಅವನಿಗೊಂದು ಹೆಸರು ಬೇಕಿತ್ತು. ನಾನು ಬಾಯಿ ತೆರೆದೆ. 'ನಾನು' ಎನ್ನುವ ಮಾತು ನಾಲಿಗೆಯ ಮೇಲೇ ಇತ್ತು, ದೇವರಾಣೆ. ಜುಲ್ಮಾನೆ ಕಟ್ಟಿ ಇತ್ತಲಾರಿಗೆ ಹೋಗಿ ಅಪ್ಪನ ಹೊಲದಲ್ಲಿ ಆಲೂಗಡ್ಡೆ ನೆಟ್ಟುಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ದೊರೆಯ ಪೆನ್ನು ಕಾಯುತ್ತಿತ್ತು, ರೇಂಜರ್ ನನ್ನನ್ನೇ ದಿಟ್ಟಿಸುತ್ತಿದ್ದ.

"ಜಡಯ, ಸರ್," ಎಂದೆ.

"ನನಗೆ ಗೊತ್ತಿತ್ತು!" ದೊರೆಗೆ ಎಲ್ಲಿಲ್ಲದ ಖುಷಿ. ಬರೆದರು, ಅಪ್ಪನ ಹೆಸರನ್ನೂ ಕೇಳಿ ಬರೆದರು. ಆಮೇಲೆ ಎದ್ದು ನಿಂತು ರೇಂಜರ್‌ಗೆ ಗಟ್ಟಿಯಾಗಿ ಓದಿ ಹೇಳಿದರು: ಈ ಮನುಷ್ಯ ತನ್ನ ಕೈಯಾರೆ ಹುಲ್ಲಿಗೆ ಬೆಂಕಿ ಹಚ್ಚಿದ್ದರಿಂದ ನಾನು ಬದುಕಿದ್ದೇನೆ, ಆಟ್ಲಾಸಿನಲ್ಲೂ ಇಂಥ ಗೈಡನ್ನು ಕಾಣಲಿಲ್ಲ, ಸರ್ಕಾರ ಇವನನ್ನು ಗುರುತಿಸಬೇಕು. ಸಹಿ ಹಾಕಿ ಹಾಳೆ ಹರಿದು ಕೊಟ್ಟರು. ರೇಂಜರ್ ಬಹಳ ಮರ್ಯಾದೆಯಿಂದ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ನಾನು ಆಗಲಾದರೂ ಮಾತಾಡಬಹುದಿತ್ತು. ಒಮ್ಮೆ ಆಡಿದ ಮಾತನ್ನು ತಿರುಗಿಸಿದರೆ ಸುಳ್ಳುಗಾರನಾಗುತ್ತೇನೆ ಎಂದು ಹೆದರಿದೆ. ನಿಜ ಹೇಳಿಯೇ ಸಿಕ್ಕಿಬಿದ್ದಿದ್ದೆ.

ಅಂಗಳದಲ್ಲಿ ಜಡಯ ಕಾಲಿಗೆ ಸೊಪ್ಪು ಕಟ್ಟಿಕೊಂಡು ಕೂತಿದ್ದ. ದೊರೆ ಕೆಳಗಿಳಿದು ಅವನ ಕೈ ಕುಲುಕಿದರು. ಅವನಿಗೆ ಇಂಗ್ಲಿಷ್ ಒಂದಕ್ಷರ ತಿಳಿಯದು. ನನ್ನ ಕಡೆ ತಿರುಗಿದ.

"ಏನಂದ್ರಣ್ಣಾ ದೊರೆ?"

"ಹೊಗಳಿದರು."

ಅವನ ಮುಖ ಅರಳಿತು. ಸುಟ್ಟ ಕಾಲಿನಲ್ಲೇ ಎದ್ದು ನಿಂತು, ನಾನು ತಡೆಯುವಷ್ಟರಲ್ಲಿ ಬಗ್ಗಿ ನನ್ನ ಪಾದ ಮುಟ್ಟಿದ. "ಏಳು ಮನೆ ಉಳಿಸಿದೆ ನೀನು. ಕೆಂಚಿಗೆ ಹೇಳಿ ಬತ್ತೀನಿ," ಎಂದು ಕುಂಟುತ್ತಾ ಹಾಡಿಯ ದಾರಿ ಹಿಡಿದ. ಸ್ವಲ್ಪ ಹೊತ್ತಿಗೆ ರೇಂಜರ್ ಕಳಿಸಿದ ಇಬ್ಬರು ಗಾರ್ಡುಗಳೂ ಅದೇ ದಾರಿಯಲ್ಲಿ ಹೊರಟರು.