ಸೋಮವಾರದ ನಾಡಿ

ಅಗ್ನಿಶಾಮಕ ಠಾಣೆಯ ಹಿಂಬದಿಯ ವ್ಯಾಯಾಮದ ಕೋಣೆಯಲ್ಲಿ ಒಂದು ಮರದ ಪೀಠವಿತ್ತು. ಅದರ ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ ‘30 ಸೆಂ.ಮೀ.’ ಎಂದು ದಪ್ಪಗೆ ಬರೆದಿತ್ತು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಆ ಅಂಕಿಯನ್ನು ಒರೆಸುವುದು ಅವಳ ಕೆಲಸ. ವರ್ಷಗಟ್ಟಲೆ ಒರೆಸಿದಳು, ಒಂದು ದಿನವೂ ಪೀಠವನ್ನು ಅಳೆಯಲಿಲ್ಲ. ಅಳೆಯುವುದೇಕೆ, ಬರೆದೇ ಇತ್ತಲ್ಲ.

ಠಾಣೆಯವರು ಅವಳನ್ನು ಗಡಿಯಾರ ಎಂದು ಕರೆಯುತ್ತಿದ್ದರು. ಏಳನೇ ತರಗತಿಗೇ ಶಾಲೆ ಬಿಟ್ಟು, ಕಸ ಗುಡಿಸಲು ಬಂದ ಹುಡುಗಿ. ಮಾತಾಡಿಸಿದರೆ ನೆಲ ನೋಡುವವಳು. ಆದರೆ ಕಣ್ಣು ಮಾತ್ರ ಚುರುಕು. ತರಬೇತಿ ಕೊಡುವ ಮೇಷ್ಟ್ರು ಒಮ್ಮೆ ಐದಾರು ಜನರನ್ನು ಕೂರಿಸಿ, ಒಬ್ಬನದೇ ನಾಡಿಯನ್ನು ಎಲ್ಲರಿಂದಲೂ ಎಣಿಸಿದರು. ಒಬ್ಬೊಬ್ಬರದು ಒಂದೊಂದು ಲೆಕ್ಕ. ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದ ಇವಳನ್ನೂ ಕರೆದರು. ಇವಳು ಹೇಳಿದ್ದು ಮೇಷ್ಟ್ರ ಎಣಿಕೆಗೆ ಸರಿಯಾಗಿ ಕೂತಿತು. ಇನ್ನೊಮ್ಮೆ ಎಣಿಸಿದರೂ ಕೂತಿತು. ಅಂದಿನಿಂದ ಪೊರಕೆ ಬೇರೆಯವರ ಕೈಗೆ ಹೋಯಿತು, ಸ್ಟಾಪ್‌ವಾಚ್ ಇವಳ ಕೊರಳಿಗೆ ಬಂತು.

ಪರೀಕ್ಷೆಯನ್ನು ಆರಿಸಿದವರು ಮೇಷ್ಟ್ರೇ. ಮೊದಲೆಲ್ಲ ನೆಲಕ್ಕೆ ಕೈಯೂರಿ ದಂಡ ಹೊಡೆಸಿ ಲೆಕ್ಕ ಹಾಕುತ್ತಿದ್ದರು. ಮೇಷ್ಟ್ರು ಒಪ್ಪಲಿಲ್ಲ. “ನಮ್ಮವರ ಕೆಲಸ ಏನು? ಹೊರೆ ಹೊತ್ತು ಮಹಡಿ ಹತ್ತೋದು. ಬೆಂಕಿ ಮುಂದೆ ಹೋಗಿ ದಂಡ ಹೊಡೀತಾರಾ? ಹತ್ತೋದನ್ನೇ ಅಳೀಬೇಕು,” ಎಂದರು. ಹಾಗೆ ಪೀಠ ಬಂತು. ತಾಳ ಹಾಕುವ ಪುಟ್ಟ ಯಂತ್ರದ ಟಕ್ ಟಕ್‌ಗೆ ಸರಿಯಾಗಿ ಮೂರು ನಿಮಿಷ ಹತ್ತಿ ಇಳಿಯಬೇಕು. ಇಳಿದು ಕೂತ ತಕ್ಷಣ ಒಂದು ನಿಮಿಷ ನಾಡಿ ಎಣಿಸಬೇಕು. ನೂರ ಇಪ್ಪತ್ತು ದಾಟಿದರೆ ಒಂದು ವಾರ ಬಿಟ್ಟು ಇನ್ನೊಂದು ಅವಕಾಶ. ಆಗಲೂ ದಾಟಿದರೆ ಕೆಲಸದಿಂದ ಬಿಡುಗಡೆ.

ಪ್ರತಿ ಸೋಮವಾರ ಬೆಳಿಗ್ಗೆ ಅವಳೂ ಹತ್ತಿ ಇಳಿದು, ತನ್ನ ನಾಡಿಯನ್ನು ಒಂದು ಬೇರೆ ಪುಸ್ತಕದಲ್ಲಿ ಬರೆಯಬೇಕೆಂದು ಮೇಷ್ಟ್ರು ಹೇಳಿದ್ದರು. ಯಾಕೆಂದು ಅವರು ಹೇಳಲಿಲ್ಲ, ಅವಳು ಕೇಳಲಿಲ್ಲ. ಕೆಲಸಕ್ಕೆ ತಾನು ತಕ್ಕವಳೋ ಅಲ್ಲವೋ ನೋಡುತ್ತಾರೆಂದುಕೊಂಡಳು. ತೊಂಬತ್ತಾರು, ತೊಂಬತ್ತೈದು, ತೊಂಬತ್ತಾರು. ಹೀಗೇ ನಡೆದಿತ್ತು.

ಎರಡು ವರ್ಷದ ಹಿಂದೆ ಒಂದು ಸೋಮವಾರ ನೂರ ಎಂಟು ಬಂತು. ಹಿಂದಿನ ವಾರ ಜ್ವರ ಬಂದು ಮಲಗಿದ್ದಳು. ಅದರದೇ ನಿಶ್ಶಕ್ತಿ ಇರಬೇಕು. ಮೇಷ್ಟ್ರಿಗೆ ಗೊತ್ತಾದರೆ ಮತ್ತೆ ಪೊರಕೆಯೇ ಗತಿ ಎಂದು ತೊಂಬತ್ತಾರು ಎಂದೇ ಬರೆದಳು. ಮುಂದಿನ ವಾರವೂ ನೂರ ಎಂಟು, ಅದರ ಮುಂದಿನ ವಾರವೂ. ಅನುಮಾನ ಬಾರದಿರಲೆಂದು ಒಮ್ಮೆ ತೊಂಬತ್ತೈದು, ಒಮ್ಮೆ ತೊಂಬತ್ತೇಳು ಎಂದು ಬದಲಾಯಿಸಿ ಬರೆಯುವುದನ್ನೂ ಕಲಿತಳು. ತನ್ನ ಮೈಯೇ ಕೆಟ್ಟಿತೆಂದು ನಂಬಿ ತುಟಿ ಪಿಟಕ್ಕೆನ್ನಲಿಲ್ಲ.

ಅದೇ ತಿಂಗಳು ಅಪ್ಪನ ಪರೀಕ್ಷೆ. ಅಪ್ಪ ಅದೇ ಠಾಣೆಯಲ್ಲಿ ಇಪ್ಪತ್ತಾರು ವರ್ಷ ಏಣಿ ಹತ್ತಿದವನು. “ಗಡಿಯಾರಮ್ಮೋರೇ, ಅಪ್ಪ ಅಂತ ಕರುಣೆ ತೋರಿಸ್ಬೇಡಿ,” ಎಂದು ನಗಾಡುತ್ತ ಪೀಠ ಹತ್ತಿದ. ಮಣಿಕಟ್ಟು ಹಿಡಿದು ನಾಡಿ ಎಣಿಸಿದವಳು ಅವಳೇ. ನೂರ ಇಪ್ಪತ್ತೆಂಟು. ವಾರ ಬಿಟ್ಟು ಎಣಿಸಿದರೂ ನೂರ ಇಪ್ಪತ್ತೆಂಟು. ಎರಡು ಸಲವೂ ಒಂದೇ ಬಂದಾಗ ಯಾರು ತಾನೇ ಸಂಶಯಪಟ್ಟಾರು? ಆ ವರ್ಷ ಅಪ್ಪನನ್ನೂ ಸೇರಿಸಿ ನಾಲ್ವರು ಮನೆಗೆ ಹೋದರು, ಮುಂದಿನ ವರ್ಷ ಐವರು. ಪರೀಕ್ಷೆ ಬಂದ ಮೇಲೆ ಜೊಳ್ಳೆಲ್ಲ ಹಾರಿಹೋಯಿತೆಂದು ದೊಡ್ಡ ಅಧಿಕಾರಿ ಮೇಷ್ಟ್ರ ಬೆನ್ನು ತಟ್ಟಿದರು.

ಅಪ್ಪ ಕಿಟಕಿ ಪಕ್ಕದ ಕುರ್ಚಿ ಹಿಡಿದ. ಆಸ್ಪತ್ರೆಯಲ್ಲಿ ಏನೂ ತೊಂದರೆಯಿಲ್ಲ ಎಂದರೂ ಕೇಳಲಿಲ್ಲ. “ಅವರು ಕೂರಿಸಿ ನೋಡಿದ್ರು. ಮೇಷ್ಟ್ರು ಹತ್ತಿಸಿ ನೋಡಿದ್ರು,” ಎಂದ. ಮೊದಲು ಸಂತೆಚೀಲ ಹೊರುವುದನ್ನು ಬಿಟ್ಟ, ಆಮೇಲೆ ಮೆಟ್ಟಿಲು. ಮನೆ ಮೂರನೇ ಮಹಡಿ. ಕಡೆಗೆ ಕೆಳಗಿಳಿಯುವುದನ್ನೇ ಬಿಟ್ಟ. ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳು ಇಟ್ಟುಕೊಂಡೇ ಇರುತ್ತಿದ್ದ. “ಅದೇನು ಓಡಿಹೋಗುತ್ತಾ, ಸದಾ ಹಿಡ್ಕೊಂಡಿರ್ತೀರಲ್ಲ,” ಎಂದು ಅಮ್ಮ ಗೊಣಗುತ್ತಿದ್ದಳು.

ಈ ವರ್ಷ ಠಾಣೆಗೆ ಇನ್ನೊಂದು ಪೀಠ ಬೇಕಾಯಿತು. ಅಳತೆ ತೆಗೆದುಕೊಳ್ಳಲು ಬಡಗಿ ಬಂದ. ಪಟ್ಟಿ ಹಿಡಿದವನು ಅಂಕಿ ನೋಡಿದ, ಪಟ್ಟಿ ನೋಡಿದ.

“ಯಾವ ಅಳತೆಗೆ ಮಾಡ್ಲಮ್ಮ? ಬರೆದಿರೋದಕ್ಕಾ, ಇರೋದಕ್ಕಾ?”

“ಅಂದ್ರೆ?”

“ಇದು ಮೂವತ್ತೈದಿದೆ.” ಪೀಠವನ್ನು ಬೆರಳಿಂದ ತಟ್ಟಿ, ತನಗೇ ನೆನಪಾದವನಂತೆ ನಕ್ಕ. “ಓ, ನನ್ನದೇ ಕೈಚಳಕ. ಎರಡು ವರ್ಷದ ಹಿಂದೆ ಮೇಲಿನ ಹಲಗೆ ಸೀಳಿತ್ತಲ್ಲ, ಕಿತ್ರೆ ಚೌಕಟ್ಟೇ ಬರುತ್ತೆ ಅಂತ ಅದರ ಮೇಲೇ ಇನ್ನೊಂದು ದಪ್ಪಂದು ಜಡಿದು, ಜೋಡಣೆ ಕಾಣದಂಗೆ ಬಣ್ಣ ಬಳಿದಿದ್ದೆ. ನೀವಾಗ ಜ್ವರ ಅಂತ ರಜಾದಲ್ಲಿದ್ರಿ.”

ಅವಳು ಕೊರಳಿನ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೇಷ್ಟ್ರ ಕೋಣೆಗೆ ಹೋಗಿ ಹಲಗೆಯ ವಿಷಯವನ್ನೆಲ್ಲ ಹೇಳಿದಳು. ಅಷ್ಟುದ್ದ ಮಾತನ್ನು ಅವಳು ಠಾಣೆಯಲ್ಲಿ ಎಂದೂ ಆಡಿರಲಿಲ್ಲ.

ಮೇಷ್ಟ್ರು ಸೋಮವಾರದ ಪುಸ್ತಕ ತೆಗೆದು ಹಾಳೆ ಮಗುಚಿದರು. “ಹಾಗಾಗಿದ್ರೆ ಇಲ್ಲಿ ಏರಬೇಕಿತ್ತಲ್ಲ. ಇಲ್ಲೆಲ್ಲ ತೊಂಬತ್ತಾರೇ ಇದೆ.”

“ಅದು ಸುಳ್ಳು, ಮೇಷ್ಟ್ರೇ. ನೂರ ಎಂಟು ಬರ್ತಿತ್ತು. ನನಗೇ ಕೈಲಾಗ್ತಿಲ್ಲ ಅಂದ್ಕೊಂಡು...”

ಅವರು ಪುಸ್ತಕ ಮುಚ್ಚಿದರು. “ನಿನ್ನನ್ನ ಅಳೆಯೋಕೆ ಅಲ್ಲಮ್ಮ ಅದು. ನಿನ್ನ ನಾಡಿ ಒಂದೇ ಥರ ಇರುತ್ತೆ ಅಂತ, ಅದರಿಂದ ಪೀಠನ, ಯಂತ್ರನ ಅಳೀತಿದ್ದೆ. ನಿನಗೆ ಹೇಳಿರಲಿಲ್ವಾ?”

“ಇಲ್ಲ.”

“ಹೇಳಿರಲಿಲ್ಲ,” ಎಂದು ಮೇಷ್ಟ್ರು ತಮಗೇ ಹೇಳಿಕೊಂಡರು.

ಆ ದಿನವೇ ಬಡಗಿ ಮೇಲಿನ ಹಲಗೆ ಕಿತ್ತ. ಮೇಷ್ಟ್ರು ಅಧಿಕಾರಿಯ ಬಾಗಿಲಲ್ಲಿ ಎರಡು ದಿನ ಕಾದು ಆದೇಶ ತಂದರು: ಒಂಬತ್ತು ಮಂದಿಗೂ ಮತ್ತೆ ಪರೀಕ್ಷೆ, ಪಾಸಾದವರಿಗೆ ಮತ್ತೆ ಕೆಲಸ; ಕಾರಣ ಮಾತ್ರ ಅದರಲ್ಲಿ ಬರೆದಿರಲಿಲ್ಲ. ಅವಳು ರಾತ್ರಿಯೆಲ್ಲ ಲೆಕ್ಕ ಹಾಕಿದಳು. ಐದು ಸೆಂಟಿಮೀಟರು ತನಗೆ ಹನ್ನೆರಡು ಬಡಿತ ಏರಿಸಿತ್ತು. ಅಪ್ಪನ ನೂರ ಇಪ್ಪತ್ತೆಂಟರಲ್ಲಿ ಹನ್ನೆರಡು ಕಳೆದರೆ ನೂರ ಹದಿನಾರು. ಅಪ್ಪ ಅಂದೇ ಪಾಸಾಗಿದ್ದ.

ಅಪ್ಪನನ್ನು ಕೆಳಗಿಳಿಸಲು ಅಮ್ಮ, ಅವಳು ಇಬ್ಬರೂ ಬೇಕಾಯಿತು. ಪ್ರತಿ ಮಹಡಿಯಲ್ಲೂ ನಿಂತ. ಠಾಣೆಯ ಬಾಗಿಲಲ್ಲಿ ಹಳೆಯ ಜೊತೆಗಾರರು ಹೆಗಲು ತಟ್ಟಿದಾಗ ಒಮ್ಮೆ ನಕ್ಕ, ಅಷ್ಟೇ.

ಪೀಠ ಈಗ ಸರಿಯಾಗಿ ಮೂವತ್ತಿತ್ತು. ಅಳೆದು ನೋಡಿದವಳು ಅವಳೇ, ಮೂರು ಸಲ. ಯಂತ್ರ ಟಕ್ ಟಕ್ ಎಂದಿತು. ಮೊದಲ ನಿಮಿಷ ಅಪ್ಪ ತಾಳಕ್ಕೆ ಸರಿಯಾಗಿ ಹತ್ತಿದ. ಎರಡನೆಯದರಲ್ಲಿ ಮುಖ ಕೆಂಪಾಯಿತು, ಮೊಣಕಾಲು ನಡುಗಿತು. ಮೂರನೆಯದರ ಅರ್ಧಕ್ಕೆ ತಾಳ ಮುಂದೆ ಹೋಯಿತು, ಕಾಲು ಹಿಂದೆ ಉಳಿಯಿತು. ಮೇಷ್ಟ್ರು ಯಂತ್ರ ನಿಲ್ಲಿಸಿ ಕುರ್ಚಿ ತಳ್ಳಿದರು.

ಬಲಗೈ ಅವಳು ಹಿಡಿದಳು, ಎಡಗೈ ಮೇಷ್ಟ್ರು. ಒಂದು ನಿಮಿಷ. ಇಬ್ಬರೂ ತಮ್ಮ ತಮ್ಮ ಚೀಟಿಯಲ್ಲಿ ಬರೆದು ತಿರುಗಿಸಿದರು. ನೂರ ನಲವತ್ತೊಂದು. ನೂರ ನಲವತ್ತೊಂದು.

“ಇನ್ನೊಂದು ವಾರ ಇದೆ,” ಎಂದರು ಮೇಷ್ಟ್ರು. ಅವರ ದನಿಯಲ್ಲಿ ಭರವಸೆ ಇರಲಿಲ್ಲ.

“ಬೇಡ ಮೇಷ್ಟ್ರೇ. ಆವತ್ತೂ ಇದೇ ಹೇಳಿದ್ರಿ, ಆವತ್ತಿನ ಲೆಕ್ಕಾನೂ ಸರಿಯಾಗೇ ಇತ್ತು.” ಅಪ್ಪನ ಮುಖದಲ್ಲಿ ಅವಮಾನವಿರಲಿಲ್ಲ. ತನ್ನ ಮಾತೇ ಗೆದ್ದಿತೆಂಬ ಸಮಾಧಾನವಿತ್ತು.

ಮನೆಯ ಮೆಟ್ಟಿಲಲ್ಲಿ, ಎರಡನೇ ಮಹಡಿಯ ತಿರುವಿನಲ್ಲಿ ಅಪ್ಪ ಗೋಡೆಗೆ ಒರಗಿ ಕೂತ. ಅಮ್ಮ ಬೀಗ ತೆಗೆಯಲು ಮುಂದೆ ಹೋಗಿದ್ದಳು. ಅವಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು: ಹಲಗೆ, ಜ್ವರ, ನೂರ ಎಂಟು, ತಾನು ಬರೆದ ತೊಂಬತ್ತಾರು. “ನಿಮಗೇನೂ ಆಗಿರಲಿಲ್ಲ ಅಪ್ಪಾ. ಎರಡು ವರ್ಷ ಕೂತು ಕೂತು ಹೀಗಾಗಿದ್ದು. ನನ್ನಿಂದ ಆಗಿದ್ದು.”

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. “ನನಗೆ ಬೇಜಾರಾಗುತ್ತೆ ಅಂತ ಕತೆ ಕಟ್ತೀಯಲ್ಲ, ಪುಟ್ಟಿ. ನೀನು ಸುಳ್ಳು ಬರೆಯೋಳಲ್ಲ. ಇಡೀ ಠಾಣೆಗೇ ಗೊತ್ತು.”

“ನಿಜ ಅಪ್ಪಾ. ಬರೆದೆ.”

“ಬಿಡು ಬಿಡು. ನೋಡು, ಹೆಂಗೆ ಹೊಡ್ಕೊಳ್ತಿದೆ,” ಎಂದು ಮಣಿಕಟ್ಟು ಚಾಚಿದ. “ನೀನೇ ಎಣಿಸು. ನಿನ್ನ ಎಣಿಕೆ ಆದ್ರೆ ನಂಬ್ತೀನಿ.”

ಅವಳು ಬೆರಳಿಟ್ಟಳು. ಕೊರಳಿನ ಗಡಿಯಾರದ ಗುಂಡಿ ಒತ್ತಿ, ಒಂದರಿಂದ ಎಣಿಸತೊಡಗಿದಳು.