ಬೀಗ ಹಾಕಿದ ಮನೆಯ ಚಿತ್ರ

ತೊಂಡೆ ಎಲೆಯಿಂದ ಒರೆಸಿದ ಸ್ಲೇಟಿನ ಹಸಿ ವಾಸನೆ ಮೂಗಿಗೆ ಬಡಿದಾಗ ಜಯದೇವಿಗೆ ದಾವಣಗೆರೆಯ ತನ್ನ ಒಂದನೇ ಕ್ಲಾಸು ನೆನಪಾಯಿತು. ಅಲ್ಲಿ ಒಂದೇ ಮಣೆಯ ಮೇಲೆ ನಾಲ್ವರು ಒತ್ತಿಕೊಂಡು ಕೂರುತ್ತಿದ್ದರು. ಈಗ ರಾಜಾಜಿನಗರದ ಈ ಶಾಲೆಯ ಬಾಗಿಲಲ್ಲಿ ಅವಳು ಒಬ್ಬಳೇ ನಿಂತಿದ್ದಳು. ಉಳಿದ ಪೋಷಕರಲ್ಲಿ ಹೆಚ್ಚಿನವರು ಗಂಡ ಹೆಂಡತಿ ಜೊತೆಯಾಗಿ ಬಂದಿದ್ದರು.

ಗಂಡ ತೀರಿಕೊಂಡು ಎರಡು ವರ್ಷ. ಅವನ ಬದಲಿಗೆ ಸಿಕ್ಕ ಫ್ಯಾಕ್ಟರಿ ಕೆಲಸ ಅವಳನ್ನು ಬೆಳಗ್ಗೆ ಏಳಕ್ಕೆ ಕರೆದು ಸಂಜೆ ಆರಕ್ಕೆ ಬಿಡುತ್ತಿತ್ತು. ಎರಡನೇ ಕ್ಲಾಸಿನ ಮಗಳು ಪ್ರಭಾ ಮಧ್ಯಾಹ್ನ ಶಾಲೆ ಮುಗಿಸಿ ಬಂದು, ತಾನೇ ಬೀಗ ತೆಗೆದು, ಮುಚ್ಚಿಟ್ಟ ಅನ್ನ ಉಣ್ಣಬೇಕು. ಅನ್ನ ಮಾತ್ರ ಹಾಗೇ ಇರುತ್ತಿತ್ತು. "ಸ್ಕೂಲಲ್ಲಿ ಉಪ್ಪಿಟ್ಟು ಕೊಟ್ರು ಕಣಮ್ಮ" ಅನ್ನುತ್ತಿದ್ದಳು ಹುಡುಗಿ.

ಹೋದ ವರ್ಷದ ಪೋಷಕರ ದಿನಕ್ಕೆ ಜಯದೇವಿಗೆ ಬರಲಾಗಿರಲಿಲ್ಲ. "ನನ್ನ ಜಾಗ ಒಂದೇ ಖಾಲಿ ಇತ್ತು" ಎಂದು ಪ್ರಭಾ ಒಮ್ಮೆ ಹೇಳಿದ್ದಳು, ಅಷ್ಟೆ. ಈ ಸಲ ಜಯದೇವಿ ಅರ್ಧ ದಿನ ರಜೆ ಕೇಳಿ ಬಂದಿದ್ದಳು.

ವತ್ಸಲಾ ಟೀಚರ್ ಚಪ್ಪಾಳೆ ತಟ್ಟಿದರು. "ಮಕ್ಕಳು ನಮ್ಮ ಮನೆ ಅಂತ ಚಿತ್ರ ಬರೆದಿದಾರೆ. ಬೆಂಚಿನ ಮೇಲಿರೋ ಸ್ಲೇಟಲ್ಲಿ ಹೆಸರಿಲ್ಲ. ನಿಮ್ಮ ಮಗು ಚಿತ್ರ ಗುರುತು ಹಿಡಿದು ಅಲ್ಲಿ ಕೂತ್ಕೊಳಿ. ಏ, ಎಲ್ಲಾರೂ ಬಾಯಿ ಮೇಲೆ ಬೆರಳು! ಸನ್ನೆ ಮಾಡಿದ್ರೆ ನೋಡಿ!"

"ನನ್ನ ಮಗ ಬರೆದಿದ್ರೆ ಅದು ಮನೆಯೋ ಎಮ್ಮೆಯೋ ಹೇಳೋದೇ ಕಷ್ಟ ಮಿಸ್" ಎಂದರು ಲಕ್ಷ್ಮೀಪತಿ ಎಂಬೊಬ್ಬ ತಂದೆ. ಎಲ್ಲರೂ ನಕ್ಕರು. ಗೋಡೆಗೆ ಒರಗಿ ಸಾಲಾಗಿ ನಿಂತಿದ್ದ ಮಕ್ಕಳೂ ಬೆರಳಿನ ಹಿಂದೆಯೇ ನಕ್ಕರು.

ಜಯದೇವಿ ಬೆಂಚಿನಿಂದ ಬೆಂಚಿಗೆ ನಡೆದಳು. ಅವಳು ಹುಡುಕುತ್ತಿದ್ದುದು ಒಬ್ಬ ಅಮ್ಮ, ಒಬ್ಬ ಮಗಳು ಇರುವ ಮನೆಯನ್ನು. ಅಂಥದ್ದೊಂದು ಸಿಕ್ಕಿತು, ಇಬ್ಬರೂ ಕೈ ಹಿಡಿದುಕೊಂಡಿದ್ದರು. ಅವಳು ಹಿಗ್ಗಿ ಕೂತುಬಿಟ್ಟಳು.

"ರೀ, ಅದು ನಮ್ಮ ಸೀತಂದು" ಎಂದಳು ಬೆನ್ನ ಹಿಂದಿದ್ದ ಹೆಂಗಸು ಮೆಲ್ಲಗೆ, ಬೇರೆಯವರಿಗೆ ಕೇಳದ ಹಾಗೆ. "ಪರವಾಗಿಲ್ಲ, ನಿಧಾನವಾಗಿ ನೋಡಿ. ನಾನು ಆಮೇಲೆ ಕೂತ್ಕೋತೀನಿ."

ಜಯದೇವಿ ಎದ್ದು ಗೋಡೆಯ ಕಡೆ ನೋಡಿದಳು. ಪ್ರಭಾಳ ತಲೆ ತಗ್ಗಿತ್ತು. ಒಂದು ಕೈಯ ಬೆರಳು ತುಟಿಯ ಮೇಲೆ. ಇನ್ನೊಂದು ಕೈ, ಯಾವಾಗಿನಂತೆ, ಕೊರಳ ದಾರದಲ್ಲಿದ್ದ ಬೀಗದ ಕೈಯನ್ನು ಹಿಡಿದಿತ್ತು.

ಆಗ ಜಯದೇವಿಗೆ ಕಿಟಕಿಯ ಪಕ್ಕದ ಸ್ಲೇಟು ನೆನಪಾಯಿತು. ಮನೆಯೊಳಗೆ ಯಾರೂ ಇಲ್ಲವೆಂದು ಅದನ್ನು ದಾಟಿ ಬಂದಿದ್ದಳು. ವಾಪಸು ಹೋಗಿ ನೋಡಿದಳು. ಬಾಗಿಲಿನಷ್ಟೇ ದೊಡ್ಡ ಬೀಗ. ಮೆಟ್ಟಿಲ ಮೇಲೆ ಕೊರಳಲ್ಲಿ ದಾರ ಹಾಕಿಕೊಂಡ ಪುಟ್ಟ ಹುಡುಗಿ. ಪಕ್ಕದ ಕಾಂಪೌಂಡಿನ ಮೇಲಿಂದ ಚಾಚಿದ ಒಂದು ಕೈ, ತುಂಬ ಬಳೆ, ಕೈಯಲ್ಲಿ ತಟ್ಟೆ. ಜಯದೇವಿ ಆ ಜಾಗದಲ್ಲಿ ಕೂತಳು. ಪ್ರಭಾಳ ಬೆರಳು ತುಟಿಯಿಂದ ಜಾರಿತು. ಟೀಚರ್ ನೋಡಿಯೂ ನೋಡದವರಂತೆ ಮುಖ ತಿರುಗಿಸಿಕೊಂಡರು.

ಮನೆಗೆ ನಡೆಯುವಾಗ ತಾಯಿ ಕೇಳಿದಳು. "ಒಳಗೆ ಯಾಕೆ ಹೋಗಲ್ಲ ನೀನು?"

"ಒಳಗೆ ಯಾರೂ ಇರಲ್ವಲ್ಲಮ್ಮ."

"ಉಪ್ಪಿಟ್ಟು ಅಂದಿದ್ದು?"

"ನೀನು ಅಳ್ತೀಯ ಅಂತ."

ಮನೆ ಮುಂದೆ ಬಂದಾಗ ಜಯದೇವಿಗೆ ತಕ್ಷಣ ಬೀಗ ತೆಗೆಯಬೇಕು ಅನ್ನಿಸಲಿಲ್ಲ. ಮಗಳ ಪಕ್ಕ ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಇಷ್ಟೊಂದು ಉದ್ದದ ಮಧ್ಯಾಹ್ನ ಅವಳಿಗೆ ಗೊತ್ತೇ ಇರಲಿಲ್ಲ.

ಕಾಂಪೌಂಡಿನ ಮೇಲೆ ಬಳೆ ಸದ್ದಾಯಿತು. ಪಕ್ಕದ ಮನೆಯ ನೀಲಗಂಗಮ್ಮ. ಎರಡು ವರ್ಷದಲ್ಲಿ ಜಯದೇವಿ ಅವರೊಂದಿಗೆ ಆಡಿದ್ದು "ನೀರು ಬಂತಾ" ಅನ್ನುವ ಮಾತು ಮಾತ್ರ. ತಟ್ಟೆ ಚಾಚಿದ ಕೈ ತಾಯಿಯನ್ನು ಕಂಡು ಅರ್ಧಕ್ಕೇ ನಿಂತಿತು, ಹಿಂದಕ್ಕೆ ಹೋಯಿತು. ಪ್ರಭಾ ಕತ್ತೆತ್ತಿ ಕಾದಳು.

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲಿಂದ ಎರಡು ಕೈ ಬಂದವು, ಎರಡು ತಟ್ಟೆ. ಜಯದೇವಿ ಎದ್ದು ಎರಡನ್ನೂ ಇಸಿದುಕೊಂಡಳು.