ಸಂಚಿಯಲ್ಲಿದ್ದ ಬಳೆ

ಗೋಡೆಗೆ ಒರಗಿಸಿ ಕೂರಿಸಿದ್ದ ಗೋಪಮ್ಮನ ಬಲಗೈ ಮತ್ತೆ ಜಾರಿತು. ಗೆಳತಿ ದುರುಗಮ್ಮ ಅದನ್ನು ಮೂರನೆಯ ಸಲ ಎತ್ತಿ ಮಡಿಲಲ್ಲಿಟ್ಟಳು. ಜೀವ ಇದ್ದಾಗಲೂ ಆ ಕೈ ಒಂದು ಕಡೆ ನಿಂತದ್ದಲ್ಲ.

“ತಂಗೀ, ಮಣ್ಣಿಗಿ ಹೋಗಾಗರೆ ಎರಡು ಬಳಿ ಇಡಸೂಣೇನು?” ಎಂದಳು.

ಸತ್ತವಳ ನಾದಿನಿ ಯಂಕಮ್ಮ ತಿರುಗಿ ನೋಡಿದಳು. “ನಮ್ಮಣ್ಣ ಜೀವಂತ ಇದ್ದಾಗ್ಲೇ ಬಿಚ್ಚಿ ಒಗದಾಕಿಗಿ ಈಗ್ಯಾಕ ಬಳಿ? ಆಕಿ ಬಿಚ್ಚಿದ್ದಕ್ಕ ಅವ ಹೋದ.”

ದುರುಗಮ್ಮ ಸೊಂಟದ ಎಲೆಯಡಿಕೆ ಸಂಚಿಯನ್ನು ಒತ್ತಿ ಹಿಡಿದಳು. ಒಳಗೆ ಅರಿವೆ ಸುತ್ತಿದ ಹಸಿರು ಬಳೆಗಳಿದ್ದವು, ಒಂಬತ್ತು ವರ್ಷದಿಂದ.

ಹೊರಗೆ ಹಲಗೆ ಬಾರಿಸುವ ಮೌನಪ್ಪ ಹುಲ್ಲು ಉರಿಸಿ ಅದರ ಚರ್ಮ ಕಾಯಿಸುತ್ತಿದ್ದ. “ಹಲಗಿ ಬಂದ್ರ ನನ್ನ ಹಾಡು ಕೆಡತದ ಅಂತಿದ್ಲು ಗೋಪವ್ವ. ಇವತ್ತು ಬಾರಸ್ತೀನಿ, ಬೈಲಿ ನೋಡೂಣು,” ಎಂದು ನಗಲು ಹೋಗಿ ಕಣ್ಣೊರೆಸಿಕೊಂಡ. ಹೊಗೆ ಇತ್ತು, ಅನುಕೂಲವಾಯಿತು.

* * *

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ, ಕಳೆ ಕೀಳುತ್ತ ಹಾಡುವ ಗೋಪಮ್ಮ, ಬಾಲಮ್ಮ, ದುರುಗಮ್ಮ ಮೂವರನ್ನೂ ಹಾಡು ಟೇಪು ಮಾಡಲು ರಾಯಚೂರಿಗೆ ಕರೆಸಿದ್ದರು. ದೂರದೇಶದಲ್ಲಿ ವರ್ಷಕ್ಕೊಮ್ಮೆ ಮೇಳವಂತೆ. ದೇಶದೇಶದವರು ಸೇರಿ ವಾದ್ಯವಿಲ್ಲದೆ ಬರೀ ಕೊರಳಲ್ಲಿ ಹಾಡುತ್ತಾರಂತೆ, ಟೇಪು ಕೇಳಿ ಆರಿಸುತ್ತಾರಂತೆ. ಇವರಿಗೆ ಅದರಲ್ಲಿ ಹೆಚ್ಚುಗಾರಿಕೆ ಕಾಣಲಿಲ್ಲ. ಕಳೆ ಕೀಳುವವರಿಗೆ ತಬಲಾ ಯಾರು ಕೊಟ್ಟಿದ್ದರು?

ಟೇಪಿನ ಸಾಹೇಬರು ಎರಡು ಸಲ ಹಾಡು ನಿಲ್ಲಿಸಿದರು. “ಬಳಿ ಝಣ್ ಅನ್ನಾಕತ್ತಾವ. ಕೊರಳು ಬಿಟ್ಟು ಬ್ಯಾರೆ ಸಪ್ಪಳ ಬರಬಾರ್ದು ಅಂತ ಮೇಳದವ್ರು ಬರದಾರವಾ.”

ಬಾಲಮ್ಮ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು. ದುರುಗಮ್ಮ ಆಗಲೇ ಗಂಡನನ್ನು ಕಳೆದುಕೊಂಡವಳು, ಅವಳ ಕೈ ಬರಿದು. ಗೋಪಮ್ಮನಿಗೆ ಮಾತ್ರ ಕೈ ಬೀಸದೆ ಸೊಲ್ಲು ಏಳುತ್ತಿರಲಿಲ್ಲ.

“ಬಿಚ್ಚ ಬೇ, ನಾ ಹಿಡ್ಕೋತೀನಿ,” ಎಂದಳು ದುರುಗಮ್ಮ.

“ಗಂಡ ಇದ್ದಾಕಿ ನಾನು.”

“ನೋಡಾಕ ನಿನ್ನ ಗಂಡ ಇಲ್ಲಿ ಅದಾನೇನು? ಒಂದು ಹಾಡಿನ ಮಾತು.”

ಸಾಬೂನು ಹಚ್ಚಿ ಹನ್ನೆರಡೂ ಬಳೆ ಬಿಚ್ಚಿದರು. ಕೈ ಬರಿದಾಗಬಾರದೆಂದು ಗೋಪಮ್ಮ ಸೆರಗಿನ ಎಳೆ ಕಿತ್ತು ಮಣಿಕಟ್ಟಿಗೆ ಕಟ್ಟಿಕೊಂಡಳು. ಆಮೇಲೆ ಹಾಡಿದ ಹಾಡಿಗೆ ಸಾಹೇಬರು ಟೇಪು ನಿಲ್ಲಿಸುವುದನ್ನೇ ಮರೆತರು. ಬಳೆಗೆ ಒಂದು ಅರಿವೆ ಸುತ್ತಿದ್ದರೆ ಸಾಕಿತ್ತು ಎಂಬುದು ಬಾಲಮ್ಮನಿಗೆ ಹೊಳೆದಾಗ ತಿಂಗಳು ಕಳೆದಿತ್ತು.

ಬಸ್ಸಿನ ನೂಕುನುಗ್ಗಲಲ್ಲಿ ಗೋಪಮ್ಮ, ಬಾಲಮ್ಮ ಇಬ್ಬರೂ ತಮ್ಮೂರು ಕಲ್ಲೂರಿನಲ್ಲಿ ಇಳಿದರು. ದುರುಗಮ್ಮ ಮಾನ್ವಿಯ ಮನೆಗೆ ಹೋಗಿ ಸಂಚಿ ಬಿಚ್ಚಿದರೆ ಒಳಗೆ ಕೊಡಲು ಮರೆತ ಬಳೆ. ನಾಳೆ ಕೊಟ್ಟರಾಯಿತು ಅಂದುಕೊಂಡಳು.

ಮರುದಿನ ಅವಳು ಕಲ್ಲೂರಿಗೆ ಬಂದಾಗ ಗೋಪಮ್ಮನ ಗಂಡ ಪಕೀರಪ್ಪ ಅಂಗಳದಲ್ಲಿ ಮಲಗಿದ್ದ. ಬೆಳಗ್ಗೆ ತೋಡುತ್ತಿದ್ದ ಬಾವಿಯ ದಂಡೆ ಅವನ ಮೇಲೆ ಕುಸಿದಿತ್ತು. ಬಳೆ ಒಡೆಯಲು ಕಲ್ಲು ಹಿಡಿದು ಬಂದ ಹೆಂಗಸರಿಗೆ ಒಡೆಯಲು ಬಳೆಯೇ ಇರಲಿಲ್ಲ. ಯಂಕಮ್ಮ ಆ ದಾರ ಕಟ್ಟಿದ ಕೈಯನ್ನು ಎತ್ತಿ ಊರಿಗೆಲ್ಲ ತೋರಿಸಿದಳು. ಗೋಪಮ್ಮ ಯಾರ ಹೆಸರನ್ನೂ ಹೇಳಲಿಲ್ಲ. ದುರುಗಮ್ಮ ಸಂಚಿ ಬಿಚ್ಚಲಿಲ್ಲ.

ಮೇಳಕ್ಕೆ ಬೇರೆ ಯಾರನ್ನೋ ಆರಿಸಿದರು. ಗೋಪಮ್ಮ ಮತ್ತೆ ಬಾಯಿ ತೆರೆದು ಹಾಡಲಿಲ್ಲ. ಕಳೆ ಮಾತ್ರ ಕಿತ್ತಳು.

* * *

ಕುಣಿಯಲ್ಲಿ ಹೆಣ ಇಳಿಸಿದರು. ಒಬ್ಬೊಬ್ಬರಾಗಿ ಮಣ್ಣು ಹಾಕತೊಡಗಿದರು. ದುರುಗಮ್ಮನ ಸರದಿ ಬಂತು. ಅವಳು ಬಾಗಿ ಮಣ್ಣು ತೆಗೆದುಕೊಳ್ಳಲಿಲ್ಲ. ಸಂಚಿಗೆ ಕೈ ಹಾಕಿ ಅರಿವೆ ಬಿಚ್ಚಿದಳು.

ಕುಣಿಯೊಳಗೆ ಝಣ್ ಎಂದಿತು.

“ನಾನೇ ಬಿಚ್ಚಸಿದ್ದು, ತಂಗೀ. ಆಕಿ ಒಲ್ಲೆ ಅಂದಿದ್ಲು. ಹನ್ನೆರಡೂ ನನ್ನ ಹತ್ರಾನೇ ಇದ್ವು.”

ಮೌನಪ್ಪ ಹಲಗೆಯ ಚರ್ಮದ ಮೇಲೆ ಅಂಗೈ ಒತ್ತಿ ಸದ್ದಡಗಿಸಿದ. ಆಚೆ ದಂಡೆಯಲ್ಲಿ ಯಂಕಮ್ಮನ ಮಣ್ಣು ತುಂಬಿದ ಮುಷ್ಟಿ ಎತ್ತಿದಲ್ಲೇ ನಿಂತಿತು. ಬೆರಳ ಸಂದಿನಿಂದ ಹೆಂಟೆಯೊಂದು ಜಾರಿ ಕೆಳಗೆ ಬಿತ್ತು; ಬಳೆಗಳು ಇನ್ನೊಮ್ಮೆ ಸಪ್ಪಳ ಮಾಡಿದವು.